ಎಳೆದವನೇ ಓಡಿಸಬೇಕು

ದೋಣಿ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಕೋಣೆಯಲ್ಲಿದ್ದ ದೇಹವನ್ನು ಹಾಲ್‌ಗೆ ತರಬೇಕಿತ್ತು. ಅದಕ್ಕೆ ಊಟದ ಮೇಜು ಹೊರಗೆ ಹೋಗಬೇಕಿತ್ತು. ಮೇಜು ಹೋಗಬೇಕಾದರೆ ಅದರ ಮೇಲೆ ತಿಂಗಳುಗಟ್ಟಲೆ ಠಿಕಾಣಿ ಹೂಡಿದ್ದ ದೋಣಿ ಮೊದಲು ಜಾಗ ಖಾಲಿ ಮಾಡಬೇಕಿತ್ತು. ಅದು ಈಗ ಅರ್ಧ ಒಳಗೆ, ಅರ್ಧ ಹೊರಗೆ. ಸತ್ತವನ ಭಾವಮೈದುನ ಒಳಗಿನಿಂದ ನೂಕುತ್ತಿದ್ದ, ಎದುರು ಮನೆಯ ಟೈಲರ್ ಹೊರಗಿನಿಂದ ಎಳೆಯುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ‘ನಿಧಾನ, ನಿಧಾನ’ ಅನ್ನುತ್ತಲೇ ಬಲವಾಗಿ ಜಗ್ಗಾಡುತ್ತಿದ್ದರು.

ದೋಣಿಯೆಂದರೆ ಮಕ್ಕಳ ಆಟಿಕೆಯಲ್ಲ. ದಡದಲ್ಲಿ ನಿಂತು ರಿಮೋಟಿನಲ್ಲಿ ಓಡಿಸುವ ಕ್ಯಾಟಮರಾನ್. ಎರಡು ಉದ್ದನೆಯ ಒಡಲು, ನಡುವೆ ಅವನ್ನು ಹಿಡಿದಿಟ್ಟ ಅಗಲವಾದ ಹೊಟ್ಟೆ. ನೆಟ್ಟಗೆ ನಿಲ್ಲಿಸಿದರೆ ಒಬ್ಬ ಗಿಡ್ಡ ಮನುಷ್ಯನಷ್ಟು ಎತ್ತರ. ಮನೆಯವರು ಅದನ್ನು ‘ಜೋಡಿ’ ಎನ್ನುತ್ತಿದ್ದರು. ಅದನ್ನು ಆ ಬಾಗಿಲಿನಿಂದ ಹೇಗೆ ದಾಟಿಸಬೇಕೆಂದು ಬಲ್ಲವರು ಇಬ್ಬರೇ. ಒಬ್ಬ ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಇನ್ನೊಬ್ಬ ಆಗಿನಿಂದಲೂ ಗೇಟಿನಾಚೆ, ಬೇರೆ ಯಾರದೋ ಮನೆಗೆ ಬಂದವನ ಹಾಗೆ ಮುಖ ಅತ್ತ ತಿರುಗಿಸಿಕೊಂಡು ನಿಂತಿದ್ದ.

ಫೈಬರ್ ಕರಕರ ಎಂದಾಗ ಅವನಿಗೆ ತಡೆಯಲಾಗಲಿಲ್ಲ.

“ಓರೆ ಮಾಡ್ರಪ್ಪಾ! ಬಲಗಡೆ ಒಡಲು ಮೇಲಕ್ಕೆ, ಮೂತಿ ಮುಂದೆ! ಇಬ್ರೂ ಸೇರ್ಕೊಂಡು ಹೆರಿಗೆ ಮಾಡಿಸ್ತಿದೀರೇನ್ರೀ?”

ಕೂಗಿದ್ದಷ್ಟೇ ಅಲ್ಲ, ಗೇಟು ತಳ್ಳಿಕೊಂಡು ಬಂದು ಟೈಲರನನ್ನು ಪಕ್ಕಕ್ಕೆ ಸರಿಸಿ, ಮೊಣಕಾಲು ಕೊಟ್ಟು ದೋಣಿಯನ್ನು ಓರೆ ಮಾಡಿದ. ಅದು ಸಲೀಸಾಗಿ ಹೊರಗೆ ಬಂತು. ಬಂದದ್ದೇ ತಡ ಅವನ ಮುಖ ಗಂಟಿಕ್ಕಿತು. ತೂಕ ಕಡಿಮೆಯಾಗಿತ್ತು. ಒಳಗೆ ತನ್ನ ಎಂಜಿನ್ ಇಲ್ಲ ಎಂದು ಅವನ ತೋಳಿಗೇ ಗೊತ್ತಾಯಿತು.

ಇವನಿಗೆ ಸ್ಕೂಟರ್ ಗ್ಯಾರೇಜಿತ್ತು. ಯಾರಿಂದಲೂ ಸ್ಟಾರ್ಟ್ ಆಗದ ಗಾಡಿ ಇವನ ಒಂದೇ ಒದೆತಕ್ಕೆ ಗುಡುಗುತ್ತಿದ್ದುದರಿಂದ ಕಿಕ್ಕರ್ ಎಂದು ಹೆಸರು ಬಿದ್ದಿತ್ತು. ಸತ್ತವನು ಲಿಫ್ಟ್ ರಿಪೇರಿಯವನು, ಎಲ್ಲರಿಗೂ ಮೇಸ್ತ್ರಿ. ಜೋಡಿ ಇಬ್ಬರೂ ಸೇರಿ ಕಟ್ಟಿದ ದೋಣಿ. ಒಂದು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

ಮೇಸ್ತ್ರಿಯ ಹೆಂಡತಿ ಬಾಗಿಲಿಗೆ ಬಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

“ಬಂದ್ರಾ ಅಣ್ಣ? ಒಳಗೆ ಬನ್ನಿ. ಮುಖ ನೋಡಿ.”

ಕಿಕ್ಕರನಿಗೆ ಹೇಳಬೇಕಾದ ಮಾತು ಏನೆಂದು ಗೊತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ. ಬಾಯಿ ತೆರೆದಾಗ ಬಂದದ್ದೇ ಬೇರೆ.

“ನಾನು ನನ್ನ ಎಂಜಿನ್ ತಗೊಂಡು ಹೋಗೋಕೆ ಬಂದೆ ಅತ್ತಿಗೆ.”

ಭಾವಮೈದುನ ಕೆರಳಿದ. “ಏನ್ರೀ ನೀವು, ಮನುಷ್ಯರಾ? ಹೆಣ ಇನ್ನೂ ಮನೇಲಿದೆ!”

“ಸುಮ್ನಿರೋ ನೀನು,” ಎಂದಳು ಅಕ್ಕ. ಆಮೇಲೆ ಕಿಕ್ಕರನ ಕಡೆ ತಿರುಗಿ, “ಮಂಚದ ಕೆಳಗಿದೆ. ಹೋಗೋವಾಗ ತಗೊಂಡು ಹೋಗಿ. ಮೊದ್ಲು ಮುಖ ನೋಡಿ.”

“ನೋಡ್ತೀನಿ, ನೋಡ್ತೀನಿ,” ಎಂದ ಅವನು. ಆದರೆ ಅಲ್ಲಿಂದ ಕದಲಲಿಲ್ಲ. ಆ ಮುಖವನ್ನು ನೋಡಿದರೆ ಒಂದೇ ಪ್ರಶ್ನೆ ಕೇಳಬೇಕು, ಅದಕ್ಕೆ ಆ ಮುಖ ಇನ್ನು ಉತ್ತರ ಹೇಳುವುದಿಲ್ಲ: ನನ್ನನ್ನು ಯಾಕೋ ಕಿತ್ತುಹಾಕಿದೆ?

*

ಅವರ ಸ್ನೇಹ ಹುಟ್ಟಿದ್ದು ಎರಡು ಮಹಡಿಗಳ ನಡುವೆ. ಯಾವುದೋ ಆಫೀಸಿನ ಲಿಫ್ಟ್ ನಿಂತುಹೋಗಿ ಕಿಕ್ಕರ್ ಒಳಗೆ ಸಿಕ್ಕಿಬಿದ್ದಿದ್ದ. ಬಿಡಿಸಲು ಬಂದವನು ಮೇಸ್ತ್ರಿ. ಒಳಗಿನಿಂದ ಲಿಫ್ಟಿಗೂ ಅದನ್ನು ಕಂಡುಹಿಡಿದವನ ವಂಶಕ್ಕೂ ಬೈಗುಳದ ಸುರಿಮಳೆ; ಹೊರಗಿನಿಂದ “ಹೂಂ, ಹೂಂ, ಆಮೇಲೆ?” ಎಂಬ ಸಾವಧಾನದ ಉತ್ತರ. ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರೂ ನಗುತ್ತಿದ್ದರು.

ಜೋಡಿಯ ಒಡಲನ್ನು ಮೇಸ್ತ್ರಿ ಎರಕ ಹೊಯ್ದ. ಎಂಜಿನ್ ಕಿಕ್ಕರನದು. ಹುಲ್ಲು ಕತ್ತರಿಸುವ ಯಂತ್ರದ ಸಣ್ಣ ಪೆಟ್ರೋಲ್ ಎಂಜಿನ್ ಒಂದನ್ನು ಗುಜರಿಯಿಂದ ಎತ್ತಿಕೊಂಡು ಬಂದು, ಅದರ ಹೊಟ್ಟೆ ಬಗೆದು, ಸೈಲೆನ್ಸರ್ ತಾನೇ ಬಗ್ಗಿಸಿ, ಅದು ಕೆರೆಯ ಆಚೆ ದಡದವರೂ ಕಿವಿ ಮುಚ್ಚಿಕೊಳ್ಳುವಂತೆ ಕೂಗುವ ಹಾಗೆ ಮಾಡಿದ್ದ. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಒಂದು ಕೈಯಲ್ಲಿ ದೋಣಿ ಅದುಮಿ ಹಿಡಿದು, ಇನ್ನೊಂದರಲ್ಲಿ ಝಗ್ಗನೆ ಎಳೆದರೆ ಅದು ಹೊಗೆ ಉಗುಳಿ ಏಳುತ್ತಿತ್ತು.

ಮೊದಲನೆಯ ಭಾನುವಾರವೇ ರಿಮೋಟ್ ಯಾರ ಕೈಯಲ್ಲಿರಬೇಕು ಎಂದು ಜಗಳವಾಯಿತು. ಜಗಳ ಬಗೆಹರಿಸಲು ಒಂದು ಕಾನೂನು ಬಂತು: ಎಳೆದವನೇ ಓಡಿಸಬೇಕು. ಒಂದು ವಾರ ಇವನು, ಒಂದು ವಾರ ಅವನು. ಕೆರೆಯ ಹತ್ತಿರ ಬೇರೆ ಯಾರಾದರೂ ಆಸೆಪಟ್ಟರೆ ಅವರಿಗೂ ಅದೇ. ಹಗ್ಗ ಎಳೆಯಲಾರದವನಿಗೆ ಕಿಕ್ಕರ್ ಎಲ್ಲರೆದುರು ಹೇಳುತ್ತಿದ್ದ, “ಹೋಗು ಮರಿ, ಹಾಲು ಕುಡ್ಕೊಂಡು ಬಾ.” ಮೇಸ್ತ್ರಿಯೂ ಸೇರಿಕೊಂಡು ನಗುತ್ತಿದ್ದ. ಹೀಗೆ ಇಬ್ಬರ ತಲೆಕೂದಲೂ ನರೆಯಿತು, ಕಾನೂನು ಮಾತ್ರ ಹಾಗೇ ಉಳಿಯಿತು.

ಹೋದ ವರ್ಷ ಮೇಸ್ತ್ರಿಯ ಸರದಿಯ ಒಂದು ಬೆಳಗ್ಗೆ ಅವನು ಎಳೆದ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದ. ಎದ್ದು ನಿಂತು ಕೆರೆಯ ಕಡೆ ನೋಡಿದ.

“ಪ್ಲಗ್ ಹೋಗಿದೆ ಕಣೋ,” ಎಂದ.

“ನನ್ನ ಎಂಜಿನ್ ಪ್ಲಗ್ ಹೋಗಲ್ಲ. ಮೊನ್ನೆ ತಾನೇ ಹಾಕಿದೀನಿ.”

“ಹೋಗಿದೆ ಅಂದ್ನಲ್ಲ. ಮನೆಗೆ ತಗೊಂಡು ಹೋಗಿ ನೋಡ್ತೀನಿ.”

“ತಾ ಇಲ್ಲಿ, ನಾನು ಎಳೀತೀನಿ.”

“ಬೇಡ ಅಂದೆ!” ಮೇಸ್ತ್ರಿ ಎಂದೂ ದನಿ ಏರಿಸಿದವನಲ್ಲ. ಅವತ್ತು ಏರಿಸಿದ. ದೋಣಿಯನ್ನು ತನ್ನ ವ್ಯಾನಿಗೆ ಹಾಕಿಕೊಂಡು ಹೊರಟೇಹೋದ.

ವಾರ ಕಳೆದು ಫೋನು ಬಂತು. “ಎಂಜಿನ್ ಬೇಡ ಅಂತ ಮಾಡಿದೀನಿ ಕಣೋ. ಮೋಟರ್ ಹಾಕ್ತೀನಿ. ಬ್ಯಾಟರಿ. ಹೊಗೆ ಇಲ್ಲ, ಗಲಾಟೆ ಇಲ್ಲ.”

ಕಿಕ್ಕರನಿಗೆ ಮೈಯೆಲ್ಲ ಉರಿಯಿತು. ಕರೆಂಟು, ಮೋಟರು ಮೇಸ್ತ್ರಿಯ ಕಸುಬು; ಪೆಟ್ರೋಲು ತನ್ನದು. ಎಂಜಿನ್ ಹೋದಮೇಲೆ ಆ ದೋಣಿಯಲ್ಲಿ ತನ್ನದು ಅಂತ ಏನುಳಿಯಿತು? “ಮಾಡ್ಕೋಪ್ಪಾ,” ಎಂದ. “ಈಗ ಎಲ್ಲಾ ನಿಂದೇ ಆಯ್ತಲ್ಲ. ಮಿಕ್ಸಿ ಓಡಿಸ್ಕೊಂಡಿರು.” ಫೋನಿಟ್ಟ. ಅವನೇ ಕರೀಲಿ ಎಂದು ಕಾದ.

*

ದೇಹ ಹಾಲ್‌ಗೆ ಬಂತು. ಜನ ಒಳಗೆ ಹೋಗಿ, ಒಂದು ಗಳಿಗೆ ನಿಂತು, ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದರು. ಗಾಡಿ ಇನ್ನೂ ಬಂದಿರಲಿಲ್ಲ. ಭಾವಮೈದುನ ಫೋನಿನಲ್ಲಿ ಡ್ರೈವರನಿಗೆ ದಾರಿ ಹೇಳುತ್ತಾ, ತಾನೇ ದಾರಿ ತಪ್ಪಿದವನಂತೆ ಅಂಗಳದಲ್ಲಿ ಸುತ್ತುತ್ತಿದ್ದ.

ದೋಣಿಯನ್ನು ಟೈಲರನ ಜಗಲಿಯ ಮೇಲೆ ಇಟ್ಟಿದ್ದರು. ಕಿಕ್ಕರ್ ಅದರ ಪಕ್ಕ ಕಾವಲಿಗೆ ಕೂತವನ ಹಾಗೆ ಕೂತ. ಕೈ ಸುಮ್ಮನಿರಬೇಕಲ್ಲ. ಮುಚ್ಚಳಕ್ಕೆ ಅಂಟಿಸಿದ್ದ ಟೇಪು ಬಿಡಿಸಿದ. ತಪ್ಪು ಹುಡುಕಬೇಕೆಂದೇ ಬಿಡಿಸಿದ್ದು, ಸಿಕ್ಕಿತು ಕೂಡ.

“ನೋಡು, ಬ್ಯಾಟರಿ ಎಷ್ಟು ಹಿಂದೆ ಇಟ್ಟಿದಾನೆ!” ಪಕ್ಕಕ್ಕೆ ಬಂದು ನಿಂತ ಮೇಸ್ತ್ರಿಯ ಮಗಳಿಗೆ ಹೇಳಿದ. “ಎಂಜಿನ್ ತೂಕ ಹೋದ್ಮೇಲೆ ಮುಂದಕ್ಕೆ ತರಬೇಕೋ ಬೇಡ್ವೋ? ಸ್ಪೀಡಲ್ಲಿ ಮೂತಿ ಎತ್ಕೊಂಡು ಪಲ್ಟಿ ಹೊಡೆಯುತ್ತೆ ಇದು. ಇಷ್ಟೂ ತಿಳೀಲಿಲ್ವಾ ಇವನಿಗೆ?”

“ಚಿಕ್ಕಪ್ಪ, ನೀರಿಗೇ ಬಿಟ್ಟಿಲ್ಲ ಅದನ್ನ,” ಎಂದಳು ಮಗಳು.

“ಏನು?”

“ಕೆಲಸ ಮುಗಿದು ಯಾವ ಕಾಲ ಆಯ್ತು. ಕೆರೆಗೆ ಹೋಗೋಣ ಬಾ ಅಪ್ಪ, ನಾನು ಎತ್ಕೊಂಡು ಬರ್ತೀನಿ ಅಂದ್ರೆ, ಇರು, ಅವನು ಬರ್ಲಿ ಅಂತಿದ್ರು.”

“ಯಾವನು?”

“ಇನ್ಯಾರು? ನೀವು.”

ಕಿಕ್ಕರ್ ಬಿಡಿಸಿದ ಟೇಪನ್ನು ಬೆರಳಿಗೆ ಸುತ್ತಿದ. ಆಮೇಲೆ, “ಕರೀಬೇಕಿತ್ತಪ್ಪ,” ಎಂದು ದೋಣಿಗೇ ಹೇಳುವ ಹಾಗೆ ಗೊಣಗಿದ. “ಕರೀದೆ ಹೇಗೆ ಬರ್ಲಿ ನಾನು? ನನಗೇನು ಕನಸು ಬೀಳುತ್ತಾ?”

*

ಮೋಟರ್ ಕೂಡಿಸುವ ಕೆಲಸ ಊಟದ ಮೇಜಿನ ಮೇಲೆ ನಡೆದಿತ್ತು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು.

ಮೊದಲ ಪರೀಕ್ಷೆಗೆ ದೋಣಿಯ ಬಾಲವನ್ನು ಬಟ್ಟೆ ನೆನೆಸುವ ಟಬ್ಬಿಗೆ ಇಳಿಬಿಟ್ಟಿದ್ದ ಮೇಸ್ತ್ರಿ. ಹೆಂಡತಿ ಮೂತಿ ಹಿಡಿದುಕೊಂಡಿದ್ದಳು. ಸ್ವಿಚ್ ಒತ್ತಿದ್ದೇ ಪಂಖ ಉಲ್ಟಾ ತಿರುಗಿ ಟಬ್ಬಿನ ನೀರೆಲ್ಲ ಅವಳ ಸೀರೆಗೆ.

“ಜೀವಮಾನವೆಲ್ಲ ಮೋಟರ್ ಜೊತೆ ಕಳೆದ್ರಿ, ಯಾವ ಕಡೆ ತಿರುಗುತ್ತೆ ಅಂತ ಗೊತ್ತಾಗ್ಲಿಲ್ವಾ?”

“ಲಿಫ್ಟು ಎರಡೂ ಕಡೆ ಹೋಗುತ್ತೆ ಕಣೇ. ಅಭ್ಯಾಸ,” ಎಂದ ಮೇಸ್ತ್ರಿ. ಎರಡು ವೈರು ಅದಲು ಬದಲು ಮಾಡಿದ. ಸರಿಹೋಯಿತು.

ಸರಿಹೋಗದೆ ಕಾಡಿದ್ದು ಮೋಟರ್ ಕೂರಿಸುವ ತಗಡು. ಎಂಜಿನ್ನಿಗಾಗಿ ದೋಣಿಯ ತಳದಲ್ಲಿ ಕೊರೆದಿದ್ದ ತೂತುಗಳು ಒಂದು ಅಳತೆ, ಮೋಟರಿನ ಪಾದ ಇನ್ನೊಂದು ಅಳತೆ. ತಳದಲ್ಲಿ ಬೇರೆ ತೂತು ಕೊರೆದಿದ್ದರೆ ಅರ್ಧ ಗಂಟೆಯ ಕೆಲಸ. ಮೇಸ್ತ್ರಿ ಕೊರೆಯಲಿಲ್ಲ. ದಪ್ಪ ಅಲ್ಯೂಮಿನಿಯಂ ತಗಡು ತಂದು, ಹಳೆಯ ತೂತುಗಳಿಗೆ ಸರಿಯಾಗಿ ಕೂರುವಂತೆ ಕೈಯಿಂದಲೇ ಅರ ಹಾಕಿ ಉಜ್ಜತೊಡಗಿದ. ನಾಲ್ಕು ಸಲ ಉಜ್ಜಿದರೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಮೊದಲನೆಯದು ಕೂದಲೆಳೆಯಷ್ಟು ತಪ್ಪಿತು. ಎಸೆದ. ಎರಡನೆಯದನ್ನು ಶುರುಮಾಡಿದ.

“ಎದೆ ಸರಿ ಇಲ್ಲ, ಜಗ್ಗೋದು ಎಳೆಯೋದು ಬೇಡ ಅಂತ ಡಾಕ್ಟರ್ ಅಷ್ಟು ಹೇಳಿದಾರೆ,” ಹೆಂಡತಿಗೆ ರೇಗಿತು. “ಎರಡು ತೂತು ಹಾಕಿಬಿಟ್ರೆ ಏನು ಗಂಟು ಹೋಗುತ್ತೆ ನಿಮ್ಮದು?”

“ಹಾಕಿದ್ಮೇಲೆ ಮುಚ್ಚೋಕಾಗಲ್ಲ,” ಎಂದ. ಮತ್ತೆ ಉಜ್ಜಿದ.

*

ಆ ತಗಡಿನ ಮೇಲೆ ಈಗ ಕಿಕ್ಕರನ ಬೆರಳು ಬಿತ್ತು.

ಅಂಚು ಕನ್ನಡಿಯ ಹಾಗೆ ನುಣುಪಾಗಿತ್ತು. ಬೋಲ್ಟುಗಳು ತಾನು ಹಾಕಿದ್ದ ಅವೇ ಬೋಲ್ಟುಗಳು, ತಾನು ಕೊರೆದಿದ್ದ ಅವೇ ತೂತುಗಳಲ್ಲಿ. ಅವನು ಬಗ್ಗಿ ಒಳಗೆ ಕೈ ಹಾಕಿ ತಳವನ್ನೆಲ್ಲ ತಡವಿದ. ಬ್ಯಾಟರಿ ಸರಿಸಿ ಅದರಡಿಗೂ ನೋಡಿದ. ಎಲ್ಲೂ ಒಂದು ಹೊಸ ತೂತಿಲ್ಲ. ಸೈಲೆನ್ಸರ್ ಹೊರಬರುತ್ತಿದ್ದ ಕಿಂಡಿಯನ್ನು ಯಾರಾದರೂ ಫೈಬರ್ ಮೆತ್ತಿ ಮುಚ್ಚುತ್ತಾರೆ; ಮೇಸ್ತ್ರಿ ರಬ್ಬರ್ ಬಿರಡೆ ಹಾಕಿದ್ದ. ಹೆಬ್ಬೆರಳಿನಿಂದ ಒತ್ತಿದರೆ ಬಿರಡೆ ಟಪ್ಪೆಂದು ಆಚೆ ಬಂತು.

ಟ್ಯಾಂಕಿನ ಕ್ಲಿಪ್ಪುಗಳು ಹಾಗೇ ಇದ್ದವು. ನಾಲ್ಕು ಬೋಲ್ಟು ಬಿಚ್ಚಿ ತಗಡು ಎತ್ತಿದರೆ ಮುಗಿಯಿತು, ಎಂಜಿನ್ ತನ್ನ ಜಾಗದಲ್ಲಿ ಮತ್ತೆ ಕೂರುತ್ತಿತ್ತು. ಸಂಜೆಯೊಳಗೆ ಓಡುತ್ತಿತ್ತು.

“ಏನಾಯ್ತು ಚಿಕ್ಕಪ್ಪ?”

“ಇವನು ಕಿತ್ತಿಲ್ಲಮ್ಮ,” ಎಂದ ಕಿಕ್ಕರ್. “ಬರೀ ಎತ್ತಿಟ್ಟಿದಾನೆ.”

ಎಂಜಿನ್ ಬೇಡವೆಂದವನು ಅದರ ಜಾಗವನ್ನು ಇಷ್ಟು ಜೋಪಾನ ಮಾಡುತ್ತಾನೆಯೇ? ಎದ್ದು ಸೀದಾ ಮನೆಯೊಳಗೆ ಹೋದ. ಚಪ್ಪಲಿ ಬಿಡುವುದೂ ಮರೆತಿತ್ತು. ಮೇಸ್ತ್ರಿಯ ಹೆಂಡತಿ ದೇಹದ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಅವನು ಸತ್ತವನ ಮುಖ ನೋಡದೆ ಅವಳನ್ನೇ ನೋಡಿದ.

“ಅತ್ತಿಗೆ, ನಿಜ ಹೇಳಿ. ಅವತ್ತು ಪ್ಲಗ್ ಹೋಗಿರ್ಲಿಲ್ಲ ಅಲ್ವಾ?”

ಅವಳು ತಲೆಯಾಡಿಸಿದಳು. “ಎಳೆಯೋಕೆ ಆಗ್ತಿರ್ಲಿಲ್ಲ ಅಣ್ಣ. ಆಮೇಲೂ ಒಂದು ವಾರ ಪ್ರತಿದಿನ ಹಿತ್ತಲಲ್ಲಿ ಕೂತ್ಕೊಂಡು ಎಳೆದು ನೋಡಿದ್ರು. ಬೆವರು ಕಿತ್ತುಕೊಂಡು ಬರ್ತಿತ್ತು. ನಾನು ನೋಡೋಕಾಗ್ದೆ ಒಳಗೆ ಹೋಗ್ಬಿಡ್ತಿದ್ದೆ.”

“ನನಗೆ ಒಂದು ಮಾತು ಹೇಳೋದಲ್ವಾ?”

“ಹೇಳ್ತೀನಿ ಅಂದೆ. ಬೇಡ, ನಗ್ತಾನೆ ಅಂದ್ರು.”

“ನಾನು ನಗ್ತಿದ್ನಾ ಅತ್ತಿಗೆ?”

ಸಾವಿನ ಮನೆಯಲ್ಲಿ ಯಾರಾದರೂ ಇಲ್ಲ ಅನ್ನುತ್ತಿದ್ದರು. ಅವಳು ನೆಟ್ಟಗೆ ಅವನ ಮುಖ ನೋಡಿದಳು.

“ನಗ್ತಿದ್ರಿ.”

ಕಿಕ್ಕರ್ ನೆಲದ ಮೇಲೆ ಕುಸಿದು ಕೂತ. “ಹೌದು,” ಎಂದ. “ನಗ್ತಿದ್ದೆ. ಕೆರೆ ದಡದಲ್ಲಿ ನಿಂತ್ಕೊಂಡು, ಎಲ್ಲರಿಗೂ ಕೇಳೋ ಹಾಗೆ ನಗ್ತಿದ್ದೆ. ಆದ್ರೆ ಆಮೇಲೆ ಎಳೆದು ಕೊಡ್ತಿದ್ದೆ ಅತ್ತಿಗೆ. ಪ್ರತಿ ಸಲ ಎಳೆದು ಕೊಡ್ತಿದ್ದೆ. ರಿಮೋಟ್ ಅವನ ಕೈಗೇ ಕೊಡ್ತಿದ್ದೆ.”

“ಅದು ಅವರಿಗೂ ಗೊತ್ತಿತ್ತು,” ಎಂದಳು ಅವಳು. “ಅದೇ ಬೇಡ ಅಂದಿದ್ದು.”

ಆಗ ಅವನು ತಿರುಗಿ ಮುಖ ನೋಡಿದ. ಗಡ್ಡ ಬೋಳಿಸಿ ತಲೆ ಬಾಚಿದ್ದರು. ಬೈತಲೆ ಮಾತ್ರ ಯಾವ ಕಡೆ ತೆಗೆಯಬೇಕೋ ಅದರ ವಿರುದ್ಧ ಕಡೆ ತೆಗೆದಿದ್ದರು. ಕಿಕ್ಕರ್ ಕೈಯಿಂದಲೇ ಕೂದಲನ್ನು ಈಚೆಗೆ ಸರಿಮಾಡಿದ. “ಕತ್ತೆ,” ಎಂದ, ಮೆಲ್ಲಗೆ. “ಕತ್ತೆ ಕಣೋ ನೀನು. ನಾನು ನಿನಗಿಂತ ದೊಡ್ಡ ಕತ್ತೆ.”

ಹೊರಗೆ ಗಾಡಿಯ ಹಾರ್ನು ಕೇಳಿತು. ಭಾವಮೈದುನ ಒಳಗೆ ಬಂದು ಹೊರುವವರನ್ನು ಎತ್ತರ ನೋಡಿ ನಿಲ್ಲಿಸಿದ. ನೀವು ಮುಂದೆ, ನೀವು ಹಿಂದೆ, ನೀವು ಬೇಡ. ‘ಬೇಡ’ ಅನ್ನಿಸಿಕೊಂಡವನು ಕಿಕ್ಕರ್. ಆದರೂ ಅವನು ಮುಂದಿನ ಬಲಗಡೆ ಹೋಗಿ ನಿಂತುಕೊಂಡ. ಭಾವಮೈದುನ ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಬಾಗಿಲಿಗೆ ಬಂದಾಗ ಎಲ್ಲರೂ ತಡೆದು ನಿಂತರು. ಕಿಕ್ಕರ್ ಹೇಳಿದ, “ನೇರ ಬನ್ನಿ. ಇವನು ಹಿಡಿಸ್ತಾನೆ.”

*

ಚಿತಾಗಾರದಲ್ಲಿ ಮುಂಚಿನವರ ಕೆಲಸ ಮುಗಿದಿರಲಿಲ್ಲ. ಕಾಯುವವರಿಗೆಂದು ಸಿಮೆಂಟಿನ ಬೆಂಚುಗಳಿದ್ದವು. ಖಾಕಿ ಅಂಗಿ ತೊಟ್ಟ ಆಪರೇಟರ್ ಕೈ ಒರೆಸಿಕೊಳ್ಳುತ್ತಾ ಆಚೆ ಬಂದ. ಬಾಗಿಲ ಸಂದಿಯಿಂದ ಒಳಗಿನ ಕಬ್ಬಿಣದ ದೊಡ್ಡ ಪೆಟ್ಟಿಗೆ ಕಾಣುತ್ತಿತ್ತು. ಅದರ ಪಕ್ಕದ ಗೋಡೆಯಲ್ಲಿ ಹಳೆಯ ಪೈಪುಗಳನ್ನು ಕತ್ತರಿಸಿ ಬಾಯಿ ಮುಚ್ಚಿದ್ದರು.

ಕಿಕ್ಕರನ ಕಣ್ಣು ಅಲ್ಲಿಗೇ ಹೋಯಿತು, ಕಸುಬಿನ ಕಣ್ಣು. “ಏನು ಪೈಪದು?”

“ಗ್ಯಾಸಿಂದು ಸಾರ್. ಮೊದ್ಲು ಗ್ಯಾಸಲ್ಲೇ ನಡೀತಿತ್ತು. ಹೊಗೆ, ಸದ್ದು ಅಂತ ಅಕ್ಕಪಕ್ಕದವರು ತಕರಾರು ಮಾಡಿದ್ರು. ಹೋದ ವರ್ಷ ಪೂರ್ತಿ ಕರೆಂಟಿಗೆ ಬದಲಾಯಿಸಿದ್ರು.”

ಕಿಕ್ಕರ್ ಒಂದು ಕ್ಷಣ ಅವನ ಮುಖವನ್ನೇ ನೋಡಿದ. ಆಮೇಲೆ ನಕ್ಕ. ತಡೆಯಲು ಹೋಗಿ ಇನ್ನೂ ಜೋರಾಗಿ ನಕ್ಕ. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಭಾವಮೈದುನ ‘ಇವರಿಗೆ ತಲೆ ಕೆಟ್ಟಿದೆ’ ಎನ್ನುವಂತೆ ಎದ್ದು ಬಂದ. ಮಗಳಿಗೆ ಅರ್ಥವಾಗಿ ಅವಳೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಿಕ್ಕರನ ನಗು ಎಲ್ಲಿ ಅಳುವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಅವನು ಗೋಡೆಗೆ ಹಣೆ ಹಚ್ಚಿ, ಮೂಗು ಬಾಯಿ ಒಂದು ಮಾಡಿಕೊಂಡು, ಚಿಕ್ಕ ಮಗುವಿನ ಹಾಗೆ ಅತ್ತ. ಬೆಳಗಿನಿಂದ ಅವನು ಅತ್ತಿರಲಿಲ್ಲ.

ಸರದಿ ಬಂತು. ದೇಹವನ್ನು ತಳ್ಳುಗಾಡಿಯ ಮೇಲಿಟ್ಟು ಒಳಗೆ ಸೇರಿಸಿದರು. ಕಬ್ಬಿಣದ ಬಾಗಿಲು ಇಳಿಯಿತು. ಆಪರೇಟರ್ ಗೋಡೆಯ ಮೇಲಿನ ಹಸಿರು ಗುಂಡಿಯನ್ನು ತೋರಿಸಿದ.

“ಮನೆಯವರು ಯಾರಾದ್ರೂ ಒತ್ತುತೀರಾ? ಇಲ್ಲಾ ನಾನೇ ಒತ್ಲಾ?”

ಭಾವಮೈದುನ ಮುಂದೆ ಬಂದ. ಮೇಸ್ತ್ರಿಯ ಹೆಂಡತಿ ಅವನ ತೋಳು ಹಿಡಿದು ನಿಲ್ಲಿಸಿದಳು.

“ಅಣ್ಣ,” ಎಂದಳು, “ನೀವು ಒತ್ತಿ.”

“ನಾನಾ? ನಾನು ಮನೆಯವನಲ್ಲ ಅತ್ತಿಗೆ. ಮಗಳಿದಾಳೆ...”

“ಚಿಕ್ಕಪ್ಪ, ಸಾಕು,” ಎಂದಳು ಮಗಳು. “ಒತ್ತಿ.”

ಕಿಕ್ಕರ್ ಬಲಗೈಯನ್ನು ಅಂಗಿಗೆ ಒರೆಸಿಕೊಂಡ. ಉಗುರಿನ ಸಂದಿಯ ಗ್ರೀಸು ಒರೆಸಿದರೆ ಹೋಗುವಂಥದ್ದಲ್ಲ. ತೋರುಬೆರಳನ್ನು ಹಸಿರು ಗುಂಡಿಯ ಮೇಲೆ ಇಟ್ಟ. ಒತ್ತಿದ.

ಏನೂ ಆಗಲಿಲ್ಲ. ಗುಡುಗಿಲ್ಲ, ನಡುಕವಿಲ್ಲ. ಅವನು ಕತ್ತು ಓರೆ ಮಾಡಿ ಕಿವಿಗೊಟ್ಟ. ಇನ್ನಷ್ಟು ಬಲವಾಗಿ ಒತ್ತಿದ.

“ಶುರುವಾಗಿದೆ ಸಾರ್,” ಎಂದ ಆಪರೇಟರ್. “ಒಂದು ಸಲ ಒತ್ತಿದ್ರೆ ಸಾಕು. ಬೆರಳು ತೆಗೀರಿ.”

ಕಿಕ್ಕರ್ ತೆಗೆಯಲಿಲ್ಲ.

“ಸಾರ್, ಅದರ ಪಾಡಿಗೆ ಅದು ನಡೆಯುತ್ತೆ. ತೆಗೀರಿ.”

ಉಗುರು ಬೆಳ್ಳಗಾಗುವ ಹಾಗೆ ಒತ್ತಿ ಹಿಡಿದು, ಅವನು ಇಳಿದ ಬಾಗಿಲನ್ನು, ದಡದಲ್ಲಿ ನಿಂತವರು ದೂರ ಹೋದ ದೋಣಿಯನ್ನು ನೋಡುವ ಹಾಗೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.